ಹತ್ತನೆಯ ಶತಮಾನದ ವೀರಗಲ್ಲನ್ನು ನೋಡಿ ಉಡುಗೆ ತಯಾರಿಸುವುದು ಹೇಗೆ?

ಕೆರೆಏರಿ_ಶಿಕ್ಷಕಿ (ಮುಳಬಾಗಿಲು)

ನಮಸ್ಕಾರ. ನಾನು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮೂರ ಕೆರೆ ಏರಿಯ ಮೇಲೆ, ಹುಣಸೆ ಮರದ ಬುಡದಲ್ಲಿ, ಒಂದು ವೀರಗಲ್ಲು ಇದೆ. ಅಕ್ಷರಗಳು ಬಹುಪಾಲು ಸವೆದಿವೆ. ಲಿಪಿ ಮತ್ತು ಶಿಲ್ಪದ ಶೈಲಿಯನ್ನು ನೋಡಿದ ತಿಳಿದವರು ಅದು ಹತ್ತನೆಯ ಶತಮಾನದ್ದು, ಅಂದರೆ ನಮ್ಮ ಆವನಿಯಲ್ಲಿ ನೊಳಂಬ ಅರಸರ ದೇವಾಲಯಗಳು ಏಳುತ್ತಿದ್ದ ಕಾಲದ್ದು, ಎಂದಿದ್ದಾರೆ. ತುರುಗಳನ್ನು ಬಿಡಿಸಲು ಹೋಗಿ ಮಡಿದವನ ಕಲ್ಲು ಅದು. ಕೆಳಗಿನ ಅಂಕಣದ ಮೂಲೆಯಲ್ಲಿ ಮೂರು ಹಸುಗಳು ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ.

ಕಳೆದ ವರ್ಷ ರಾಜ್ಯೋತ್ಸವದ ಮೆರವಣಿಗೆಯಲ್ಲಿ ಮಕ್ಕಳಿಂದ ಈ ಪ್ರಸಂಗವನ್ನು ಆಡಿಸಿದೆವು. ಉಡುಗೆಗಳನ್ನು ಬಾಡಿಗೆಗೆ ತಂದಿದ್ದೆವು: ಮಖಮಲ್ಲಿನ ನಿಲುವಂಗಿ, ಜರತಾರಿ ಪಟ್ಟಿ, ಬಣ್ಣದ ಕಲ್ಲು ಅಂಟಿಸಿದ ರಟ್ಟಿನ ಕಿರೀಟ. ಮರುದಿನ ಮಕ್ಕಳನ್ನು ಕಲ್ಲಿನ ಬಳಿಗೆ ಕರೆದುಕೊಂಡು ಹೋದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಮಿಸ್, ಇವನು ಅಂಗಿಯನ್ನೇ ಹಾಕಿಲ್ಲವಲ್ಲ, ಕಿರೀಟವೂ ಇಲ್ಲ" ಎಂದಳು. ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಪ್ರತಿದಿನ ಅದೇ ಕಲ್ಲಿನ ಪಕ್ಕದಲ್ಲಿ ಓಡಾಡುವ ಮಕ್ಕಳಿಗೆ ನಾವು ಬೇರೆ ಯಾರನ್ನೋ ತೋರಿಸಿದೆವು ಎನಿಸಿತು.

ಈ ವರ್ಷ ಕಲ್ಲಿನಲ್ಲಿರುವಂತೆಯೇ ಉಡಿಸಬೇಕೆಂದಿದ್ದೇನೆ. ವೀರನ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ ಇವೆ. ತಲೆಗೂದಲನ್ನು ಗಂಟು ಹಾಕಿ ಒಂದು ಬದಿಗೆ ವಾಲಿಸಿದೆ. ಸೊಂಟದ ಬಟ್ಟೆ ತೊಡೆಯ ನಡುವಿನವರೆಗೆ ಮಾತ್ರ ಬಂದು, ಅದರ ಒಂದು ತುದಿ ಮುಂದೆ ಇಳಿಬಿದ್ದಿದೆ. ಈ ಕೆತ್ತನೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಬಟ್ಟೆ ಯಾವುದಿರಬೇಕು, ಬಣ್ಣವಿತ್ತೇ, ಒಡವೆಗಳನ್ನು ಯಾವುದರಿಂದ ಮಾಡಬೇಕು? ಐದು ಹುಡುಗರು, ನಾಲ್ಕು ಹುಡುಗಿಯರು ಇದ್ದಾರೆ. ಹುಡುಗಿಯರು ನೀರು ತರುವವರು ಮತ್ತು ದನಗಾಹಿಗಳ ಮನೆಯವರು. ಪಕ್ಕದಲ್ಲೇ ಮಾಸ್ತಿಕಲ್ಲು (ಸತಿ ಹೋದವಳ ನೆನಪಿನ ಕಲ್ಲು) ಇದ್ದರೂ ಆ ಭಾಗವನ್ನು ಮಕ್ಕಳಿಂದ ಆಡಿಸುವುದಿಲ್ಲ. ಹಣ ಹೆಚ್ಚಿಲ್ಲ.

ಕಲ್ಬರಹ (ಚಿಕ್ಕಬಳ್ಳಾಪುರ)

ಮೇಡಂ, ತಾವು ಕಲ್ಲನ್ನೇ ಮೊದಲ ಆಧಾರವಾಗಿ ಹಿಡಿದದ್ದು ಸರಿಯಾದ ದಾರಿ. ಆದರೆ ಕಲ್ಲಿನ ಎಲ್ಲ ಭಾಗಗಳೂ ಒಂದೇ ಬಗೆಯ ಸಾಕ್ಷ್ಯವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಮೂರು ಅಂಕಣಗಳ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿಯಲ್ಲಿ ಆತ ಕುಳಿತಿರುವ ದೃಶ್ಯ ಇರುತ್ತವೆ. ನಡುವಿನ ಮತ್ತು ಮೇಲಿನ ಅಂಕಣಗಳಲ್ಲಿ ಅವನು ಸ್ವರ್ಗಸ್ಥ. ಅಲ್ಲಿನ ಹಾರ, ಕಿರೀಟ, ತೋಳಬಂದಿಗಳು ದೇವಲೋಕದ ಅಲಂಕಾರ. ಊರಿನ ಮನುಷ್ಯ ಕಾಣಸಿಗುವುದು ಕೆಳಗಿನ ಅಂಕಣದಲ್ಲಿ ಮಾತ್ರ. ಆದ್ದರಿಂದ ಉಡುಗೆಗೆ ಅದನ್ನಷ್ಟೇ ಆಧಾರವಾಗಿಟ್ಟುಕೊಳ್ಳಿ.

ಒಂದೇ ಕಲ್ಲನ್ನು ನೆಚ್ಚಿಕೊಳ್ಳಬೇಡಿ ಎಂಬುದು ಎರಡನೆಯ ಮಾತು. ನಿಮ್ಮ ಸುತ್ತಮುತ್ತಲ ಊರುಗಳಲ್ಲಿ ಅದೇ ಕಾಲದ ನಾಲ್ಕಾರು ಕಲ್ಲುಗಳನ್ನು ನೋಡಿ, ಎಲ್ಲದರಲ್ಲೂ ಮರಳಿ ಮರಳಿ ಕಾಣುವುದನ್ನು ಮಾತ್ರ ಸ್ವೀಕರಿಸಿ. ಸಾಧ್ಯವಾದರೆ ಮಕ್ಕಳನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಬೇಗೂರಿನ ವೀರಗಲ್ಲನ್ನು ತೋರಿಸಿ. ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನನ್ನು ನೆನೆಯುವ, ಸುಮಾರು ಕ್ರಿ.ಶ. 900ರ ಆ ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳ ಇಡೀ ಯುದ್ಧವೇ ಕೆತ್ತಲ್ಪಟ್ಟಿದೆ. ಆನೆಯ ಮೇಲಿರುವವನಿಗೂ ಕಾಲಾಳಿಗೂ ಉಡುಗೆಯಲ್ಲಿ ಏನು ವ್ಯತ್ಯಾಸ ಎಂದು ಮಕ್ಕಳೇ ಹುಡುಕಲಿ.

ನಮ್ಮ ಭಾಗದಲ್ಲಿ ಸುಲಭವಾಗಿ ಆಗುವ ತಪ್ಪೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಲ್ಲ ಹಳೆಯ ದೇವಾಲಯಗಳನ್ನೂ ಒಂದೇ ಕಾಲದವೆಂದು ಭಾವಿಸಿ ನಾವು ಅವುಗಳಿಂದ ಉಡುಗೆಯ ಮಾದರಿಗಳನ್ನು ಕಲೆಹಾಕುತ್ತೇವೆ. ಕೋಲಾರದ ಸೋಮೇಶ್ವರ ದೇವಾಲಯದ ಕಂಬಗಳು ವಿಜಯನಗರ ಕಾಲದವು. ಬಾಗೇಪಲ್ಲಿ ಕಡೆಯಿಂದ ಹತ್ತಿರವೇ ಇರುವ ಲೇಪಾಕ್ಷಿಯ ಚಿತ್ರಗಳು ಹದಿನಾರನೆಯ ಶತಮಾನದವು. ಅಲ್ಲಿನ ಗಂಡಸರ ತಲೆಯ ಮೇಲಿರುವ ಎತ್ತರದ ಮೊನಚು ಟೋಪಿಗೆ ಕುಳ್ಳಾಯಿ ಎನ್ನುತ್ತಾರೆ. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಕಂಚಿನ ಪ್ರತಿಮೆಯ ತಲೆಯ ಮೇಲಿರುವುದೂ ಅದೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಯನು ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ಉಡುಪನ್ನೂ ಜರತಾರಿಯ ಟೋಪಿಯನ್ನೂ ಧರಿಸಿ ಬರಿಗಾಲಿನಲ್ಲಿದ್ದನೆಂದು ಬರೆದಿದ್ದಾನೆ. ಆ ಟೋಪಿಯೂ ಅದರ ಜೊತೆಗಿನ ಕಬಾಯಿ ಎಂಬ ಹೊಲಿದ ನಿಲುವಂಗಿಯೂ ಪಶ್ಚಿಮದ ಮುಸ್ಲಿಂ ಆಸ್ಥಾನಗಳ ಸಂಪರ್ಕದಿಂದ ವಿಜಯನಗರದ ಆಸ್ಥಾನಕ್ಕೆ ಬಂದ ಉಡುಗೆ. ನಿಮ್ಮ ವೀರನಿಗೂ ಅವಕ್ಕೂ ನಡುವೆ ಐದಾರು ನೂರು ವರ್ಷಗಳ ಅಂತರವಿದೆ. ನಮಗೂ ಕೃಷ್ಣದೇವರಾಯನಿಗೂ ಇರುವ ಅಂತರವೂ ಅಷ್ಟೇ ಎಂದು ಮಕ್ಕಳಿಗೆ ಹೇಳಿದರೆ ಅದರ ಅಳತೆ ತಿಳಿಯುತ್ತದೆ.

ಕಲ್ಲಿನ ಗೆರೆಗಳು ಎದ್ದು ಕಾಣಲಿ ಎಂದು ಸುಣ್ಣ, ರಂಗೋಲಿ ಪುಡಿ, ಎಣ್ಣೆ ಯಾವುದನ್ನೂ ಸವರಬೇಡಿ; ಕಲ್ಲು ಹಾಳಾಗುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಒಂದು ಅಂಚಿಗೆ ತಾಗಿಸಿದಂತೆ ಹಿಡಿದು ಓರೆಯಾಗಿ ಬೆಳಕು ಬಿಡಿ. ಹಗಲಿನಲ್ಲಿ ಕಾಣದ ನಿರಿಗೆಗಳೂ ಸೊಂಟದ ಬಾಕುವಿನ ಹಿಡಿಯೂ ನೆರಳಿನಿಂದಾಗಿ ತಾನಾಗಿ ಮೂಡುತ್ತವೆ.

ಹಾಸುಹೊಕ್ಕು (ವೈ.ಎನ್. ಹೊಸಕೋಟೆ, ಪಾವಗಡ ತಾಲ್ಲೂಕು)

ನಮ್ಮದು ಮೂರು ತಲೆಮಾರುಗಳಿಂದ ಮಗ್ಗದ ಮನೆ. ಬಟ್ಟೆಯ ವಿಷಯವನ್ನಷ್ಟೇ ಹೇಳುತ್ತೇನೆ.

ಮೊದಲನೆಯದಾಗಿ, ದಯವಿಟ್ಟು ರೇಷ್ಮೆಯನ್ನು ಬಿಡಿ. ನಾನು ರೇಷ್ಮೆ ಸೀರೆ ನೇಯುವವನು. ಆದರೂ ಈ ಮಾತು ಹೇಳಲೇಬೇಕು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನೋಡಿ ಬೆಳೆದ ನಮ್ಮ ಕಡೆಯ ಜನರಿಗೆ ರೇಷ್ಮೆ ಅನಾದಿ ಕಾಲದಿಂದ ಇಲ್ಲಿಯದೇ ಎನಿಸುತ್ತದೆ. ಹಿಪ್ಪುನೇರಳೆ ರೇಷ್ಮೆಯ ಸಾಕಣೆ ಈ ಸೀಮೆಯಲ್ಲಿ ಬೇರೂರಿದ್ದು ಹದಿನೆಂಟನೆಯ ಶತಮಾನದ ಕೊನೆಗೆ, ಟಿಪ್ಪುವಿನ ಪ್ರಯತ್ನದಿಂದ. ಅದಕ್ಕೂ ಮೊದಲು ರೇಷ್ಮೆ ವಸ್ತ್ರವಿರಲಿಲ್ಲವೆಂದಲ್ಲ, ಅದು ಅರಮನೆಗೂ ದೇವರಿಗೂ ದೂರದಿಂದ ಬರುತ್ತಿದ್ದ ಸರಕು. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸ ಗ್ರಂಥದ ವಸ್ತ್ರೋಪಭೋಗ ಎಂಬ ಭಾಗದಲ್ಲಿ ಚೀನ, ಸಿಂಹಳಗಳವರೆಗಿನ ಬಟ್ಟೆಗಳನ್ನು ಹೆಸರಿಸುತ್ತಾನೆ. ಅದು ರಾಜಭೋಗದ ಪಟ್ಟಿ. ದನ ಬಿಡಿಸಲು ಓಡಿದವನು ಉಟ್ಟಿದ್ದು ಹತ್ತಿಯನ್ನು.

ಆ ಹತ್ತಿಗೆ ಇಂದು ಅತ್ಯಂತ ಸಮೀಪವಾದದ್ದು ಕೈನೂಲಿನ ಖಾದಿ. ಗಿರಣಿಯ ನೂಲು ಉದ್ದಕ್ಕೂ ಒಂದೇ ಗಾತ್ರದಲ್ಲಿರುತ್ತದೆ. ಕೈನೂಲಿನಲ್ಲಿ ಒಂದೆಡೆ ದಪ್ಪ, ಒಂದೆಡೆ ಸಣ್ಣ. ಬಟ್ಟೆಯನ್ನು ಬಿಸಿಲಿಗೆ ಹಿಡಿದರೆ ಈ ಏರಿಳಿತ ಕಣ್ಣಿಗೆ ಕಾಣುತ್ತದೆ, ಉಟ್ಟಾಗ ನಿರಿಗೆ ಬೀಳುವ ರೀತಿಯೇ ಬೇರೆಯಾಗುತ್ತದೆ. ಪನ್ನದ, ಅಂದರೆ ಬಟ್ಟೆಯ ಅಗಲದ, ಕಡೆಗೂ ಗಮನವಿರಲಿ. ಕೈಯಿಂದ ಲಾಳಿ ಎಸೆದು ನೇಯುವ ಮಗ್ಗದಲ್ಲಿ ನೇಕಾರನ ತೋಳು ಎಟುಕುವಷ್ಟೇ ಪನ್ನ ಸಾಧ್ಯ. ಹಾಗಾಗಿ ಅಂಗಡಿಯ ಅಗಲ ಬಟ್ಟೆಯನ್ನು ಉದ್ದಕ್ಕೆ ಸೀಳಿ ಅಂಚು ಮಡಿಸಿ ಹೊಲಿಯುವುದಕ್ಕಿಂತ, ಎರಡೂ ಕಡೆ ಮಗ್ಗದ ಅಂಚು ಉಳಿದಿರುವ ಕಡಿಮೆ ಪನ್ನದ ತುಂಡನ್ನೇ ತನ್ನಿ. ಕಚ್ಚೆಗೆ ಹೊಲಿಗೆಯೇ ಬೇಡ. ಹೈಸ್ಕೂಲು ಹುಡುಗನಿಗೆ ಆರು ಮೊಳ ಉದ್ದ ಸಾಕು. ಸೊಂಟಕ್ಕೆ ಬಿಗಿಯುವ ದಟ್ಟಿಗೆ ಬೇರೆ ಬಟ್ಟೆ ಬೇಕಾಗುತ್ತದೆ, ಅಂಗೈ ಅಗಲಕ್ಕೆ ಮಡಿಸಿದರಾಯಿತು.

ಬಣ್ಣದ ಬಗ್ಗೆ ಕೇಳಿದ್ದೀರಿ. ಕಲ್ಲು ಬಣ್ಣವನ್ನು ಹೇಳುವುದಿಲ್ಲ, ಆದರೆ ಸಾಧ್ಯತೆಗಳಿಗೆ ಎಲ್ಲೆಯಿದೆ: ರಾಸಾಯನಿಕ ಬಣ್ಣಗಳು ಹುಟ್ಟಿದ್ದೇ 1856ರ ನಂತರ. ಬಿಳಿ, ನೀಲಿ, ಮಂಜಿಷ್ಠದ ಬೇರಿನ ಕೆಂಪು, ದಾಳಿಂಬೆ ಸಿಪ್ಪೆಯ ಹಳದಿ ಇಷ್ಟರಲ್ಲೇ ಇರಿ. ಬರೀ ಅರಿಶಿನ ಹಾಕಿದರೆ ಮೆರವಣಿಗೆಯ ಬಿಸಿಲಿನಲ್ಲೇ ಮಾಸುತ್ತದೆ. ಕೆಂಪಿಗೆ ಮೊದಲು ಬಟ್ಟೆಯನ್ನು ಅಂಟುವಾಳದ ನೀರಿನಲ್ಲಿ ಕುದಿಸಿ ಗಂಜಿ ತೆಗೆಯಿರಿ. ನಂತರ ಬಟ್ಟೆಯ ತೂಕದ ಐದನೆಯ ಒಂದು ಭಾಗದಷ್ಟು ಅಳಲೆಕಾಯಿ ಪುಡಿಯ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡಿ, ತೊಳೆಯದೆ ಒಣಗಿಸಿ. ಆಮೇಲೆ ಪಟಿಕದ ನೀರು, ಕೊನೆಗೆ ಮಂಜಿಷ್ಠ. ಮಂಜಿಷ್ಠದ ನೀರು ಕೈ ಸುಡುವಷ್ಟು ಬಿಸಿಯಿದ್ದರೆ ಸಾಕು, ಕುದಿಯಬಾರದು. ಕುದಿದರೆ ಕೆಂಪು ಹೋಗಿ ಕಂದು ಬರುತ್ತದೆ.

ಕೆರೆಏರಿ_ಶಿಕ್ಷಕಿ (ಮುಳಬಾಗಿಲು)

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಹದಿನೈದು ದಿನಗಳಲ್ಲಿ ಮಾಡಿದ್ದನ್ನು ತಿಳಿಸುತ್ತೇನೆ. ಪೋಷಕರ ಜೊತೆಯಲ್ಲಿ ಸಂಜೆ ಏಳೂವರೆಗೆ ಕಲ್ಲಿನ ಬಳಿ ಹೋಗಿ ಟಾರ್ಚ್ ಹಿಡಿದೆವು. ಇಷ್ಟು ವರ್ಷ ನಾನು ಸೊಂಟಪಟ್ಟಿಯ ಗಂಟು ಎಂದು ತಿಳಿದಿದ್ದದ್ದು ಬಾಕುವಿನ ಹಿಡಿ! ಇಳಿಬಿದ್ದ ಬಟ್ಟೆಯ ತುದಿಯಲ್ಲಿ ಐದು ಸಮಾನಾಂತರ ಗೆರೆಗಳಿವೆ. ಮಕ್ಕಳು ಅವನ್ನು ಅಳತೆ ಸಹಿತ ನೋಟ್ ಪುಸ್ತಕದಲ್ಲಿ ಬರೆದುಕೊಂಡರು.

ಬಣ್ಣದಲ್ಲಿ ಮಾತ್ರ ಎಡವಿದೆವು. ಬಿಸಿಯೂಟದ ಪಾತ್ರೆಗಳನ್ನು ಬಳಸುವಂತಿಲ್ಲವಾದ್ದರಿಂದ ಮನೆಯಿಂದ ಹಳೆಯ ಕಬ್ಬಿಣದ ಬಾಣಲೆ ತಂದು ಅದರಲ್ಲೇ ಅಳಲೆಕಾಯಿ ನೀರು ಮಾಡಿ ಬಟ್ಟೆ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಎರಡು ತುಂಡುಗಳು ಬೂದುಗಪ್ಪಾಗಿದ್ದವು. ಖಾದಿಯ ಬೆಲೆ ನೆನೆದು ತುಂಬಾ ಬೇಸರವಾಯಿತು. ಅವನ್ನು ಬಿಳುಪು ಮಾಡಲು ದಾರಿಯಿದೆಯೇ?

ಹಾಸುಹೊಕ್ಕು (ವೈ.ಎನ್. ಹೊಸಕೋಟೆ, ಪಾವಗಡ ತಾಲ್ಲೂಕು)

ಬಿಳುಪು ಮಾಡಲು ಹೋಗಬೇಡಿ ಮೇಡಂ, ಬಟ್ಟೆಯ ಕಸುವು ಹೋಗುತ್ತದೆ. ಅಳಲೆಯ ಒಗರು ಕಬ್ಬಿಣದೊಡನೆ ಸೇರಿದರೆ ಕಪ್ಪಾಗುವುದು ಸಹಜ, ಹಿಂದಿನವರು ಬೇಕೆಂದೇ ಕಪ್ಪು ಬಣ್ಣ ಹಾಕುತ್ತಿದ್ದದ್ದು ಹಾಗೆಯೇ. ಪಾತ್ರೆಯ ವಿಷಯವನ್ನು ನಾನು ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ಆ ಎರಡು ತುಂಡುಗಳನ್ನು ದನಗಾಹಿ ಹುಡುಗರಿಗೆ ಉಡಿಸಿ. ಉಳಿದದ್ದಕ್ಕೆ ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಬಳಸಿ. ದನಗಾಹಿಗಳ ಹೆಗಲಿಗೆ ಕರಿಯ ಕಂಬಳಿಯೂ ಇರಲಿ. ಶಿರಾ ಕಡೆಯ ಹಾಲುಮತದವರ (ಕುರುಬರ) ಮನೆಗಳಲ್ಲಿ ನಾಡಕುರಿಯ ಉಣ್ಣೆಯದು ಸಿಕ್ಕರೆ ಅದನ್ನೇ ತನ್ನಿ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕಂಬಳಿ ಹೆಗಲ ಮೇಲೆ ನಿಲ್ಲುವ ಬಿಗುವೇ ಬೇರೆ.

ಮೂಡಲಪಾಯದವನು (ತಿಪಟೂರು)

ನಾನು ಇಪ್ಪತ್ತೆಂಟು ವರ್ಷಗಳಿಂದ ಮೂಡಲಪಾಯ ಯಕ್ಷಗಾನದಲ್ಲಿ ವೇಷ ಕಟ್ಟುತ್ತಿದ್ದೇನೆ. ನಮ್ಮ ಭುಜಕೀರ್ತಿ, ಎದೆಹಾರಗಳನ್ನು ನಿಮ್ಮ ವೀರನಿಗೆ ತೊಡಿಸಬೇಡಿ, ಅವು ರಂಗದ ಒಡವೆಗಳು. ದೂರದಿಂದ ದೀವಟಿಗೆಯ ಬೆಳಕಿನಲ್ಲಿ ನೋಡುವವರಿಗಾಗಿ ಬೆಳೆದ ಆಕಾರಗಳು. ಆದರೆ ನಮ್ಮ ಕೆಲಸದ ರೀತಿ ನಿಮಗೆ ಉಪಯೋಗಕ್ಕೆ ಬರುತ್ತದೆ. ಹಗುರ ಮರವನ್ನು ಕೊರೆದು, ನುಣುಪು ಮಾಡಿ, ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸುತ್ತೇವೆ. ಕಲ್ಲಿನಲ್ಲಿ ಕಾಣುವ ಕಿವಿಯೋಲೆ ಮತ್ತು ತೋಳಿನ ಕಡಗಗಳನ್ನು ಹೀಗೆ ಮಾಡಿ, ಬೇಗಡೆಯ ಬದಲು ಮಂಕಾದ ಹಿತ್ತಾಳೆ ಬಣ್ಣ ಬಳಿದರೆ ಹೊಳಪು ಮಿತಿಯಲ್ಲಿರುತ್ತದೆ. ಕತ್ತಿಗೂ ಮರವೇ ಇರಲಿ. ಮಕ್ಕಳ ಕೈಗೆ ತಗಡು ಕೊಡಲೇಬೇಡಿ, ಅದರ ಅಂಚಿನಿಂದ ಆದ ಗಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಚ್ಚೆಯ ವಿಷಯದಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ. ಪಂಚೆಯ ಕಚ್ಚೆಯನ್ನೇ ಮೇಲೆತ್ತಿ ಕಟ್ಟಿದರೆ ಓಡುವಾಗ ಜಾರುತ್ತದೆ. ಮೊದಲು ಪನ್ನವನ್ನು ಅರ್ಧಕ್ಕೆ ಮಡಿಸಿ, ನಡುವನ್ನು ಬೆನ್ನಿಗೆ ಹಿಡಿದು ಎರಡು ತುದಿಗಳನ್ನೂ ಮುಂದೆ ತಂದು ಬಿಗಿಯಾಗಿ ಗಂಟು ಹಾಕಿ. ಒಂದು ತುದಿಯನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಎಳೆದು ಬೆನ್ನಿನ ಕಡೆ ಸಿಕ್ಕಿಸಿ. ಇನ್ನೊಂದು ತುದಿಯನ್ನು ನಿರಿಗೆ ಮಾಡಿ ಗಂಟಿನ ಕೆಳಗೆ ಸೇರಿಸಿದರೆ ಅದು ಮುಂದೆ ಇಳಿಬೀಳುತ್ತದೆ. ನೀವು ಹೇಳಿದ ಐದು ಗೆರೆಗಳು ಈ ನಿರಿಗೆಗಳೇ ಇರಬೇಕು ಎಂದು ನನಗೆ ಅನಿಸುತ್ತದೆ. ಇಷ್ಟಾದ ಮೇಲೆ ದಟ್ಟಿಯನ್ನು ಎರಡು ಸುತ್ತು ಬಿಗಿಯಿರಿ, ಬಾಕು ಅದರಲ್ಲೇ ನಿಲ್ಲುತ್ತದೆ. ಪಿನ್ನು ಹಾಕುವ ಅಗತ್ಯವೇ ಬರುವುದಿಲ್ಲ. ಹುಡುಗನಿಂದ ಹತ್ತು ಸಲ ಬಸ್ಕಿ ಹೊಡೆಸಿ ಪರೀಕ್ಷಿಸಿ. ಒಳಗೆ ಚಡ್ಡಿ ಇರಲಿ.

ಕೆರೆಏರಿ_ಶಿಕ್ಷಕಿ (ಮುಳಬಾಗಿಲು)

ಅಣ್ಣಾ, ನೀವು ಹೇಳಿದಂತೆಯೇ ಕಟ್ಟಿ ನೋಡಿದೆವು. ಮೂರನೆಯ ಪ್ರಯತ್ನಕ್ಕೆ ಸರಿಹೋಯಿತು. ನಿರಿಗೆಗಳು ನಾಲ್ಕೇ ಬಂದವು, ಐದಕ್ಕೆ ಇನ್ನೊಂದು ಗೇಣು ಬಟ್ಟೆ ಬೇಕು. ಹುಡುಗಿಯರ ವಿಷಯವೊಂದು ಉಳಿದಿದೆ. ಆ ಕಾಲದ ಶಿಲ್ಪಗಳಲ್ಲಿ ಹೆಂಗಸರ ಎದೆಯ ಮೇಲೆ ಬಟ್ಟೆ ಕಾಣುವುದಿಲ್ಲ. ಏನು ಮಾಡಬೇಕು?

ಕಲ್ಬರಹ (ಚಿಕ್ಕಬಳ್ಳಾಪುರ)

ಮಕ್ಕಳ ಘನತೆಯ ಮುಂದೆ ಯಾವ ನಿಖರತೆಯೂ ದೊಡ್ಡದಲ್ಲ. ಶಿಲ್ಪಿ ತೆಳುಬಟ್ಟೆಯನ್ನು ಕೆತ್ತದೆ ಬಿಟ್ಟಿರುವ ಸಂದರ್ಭಗಳೂ ಇರುತ್ತವೆ. ಕುಪ್ಪಸ ಎಂಬ ಮಾತು ಹಳಗನ್ನಡದಲ್ಲಿಯೇ ಇದೆ. ತೋಳು ಗಿಡ್ಡವಾದ, ಗುಂಡಿಗಳಿಲ್ಲದ, ಮುಂದೆ ಗಂಟು ಹಾಕುವ ಸಾದಾ ಕುಪ್ಪಸವನ್ನು ಅದೇ ಖಾದಿಯಿಂದ ಹೊಲಿಸಿ, ಮೇಲೆ ಸೆರಗು ಹೊದಿಸಿ. ನೋಡಲು ಬಂದವರಿಗೆ ವಿವರಣೆ ಕೊಡುವಾಗ, ಹುಡುಗರ ಉಡುಗೆ ಕಲ್ಲನ್ನು ನೋಡಿ ಮಾಡಿದ್ದು, ಹುಡುಗಿಯರ ಕುಪ್ಪಸ ನಾವು ಆರಿಸಿಕೊಂಡದ್ದು ಎಂದು ನೇರವಾಗಿ ಹೇಳಿಬಿಡಿ. ಕೈಗಳಿಗೆ ಬಳೆಗಳು ತುಂಬಾ ಇರಲಿ. ಮಾಸ್ತಿಕಲ್ಲಿನ ಎತ್ತಿದ ತೋಳಿನಲ್ಲಿ ಎಷ್ಟು ಬಳೆಗಳಿವೆ ಎಂದು ಎಣಿಸುವ ಕೆಲಸವನ್ನು, ಮೊದಲು ಪ್ರಶ್ನೆ ಕೇಳಿದ ಆ ಹುಡುಗಿಗೇ ವಹಿಸಿ.

ಕೆರೆಏರಿ_ಶಿಕ್ಷಕಿ (ಮುಳಬಾಗಿಲು)

ಎಣಿಸಿ ಬಂದಳು. ಏಳು ಇವೆ, ಮಣಿಕಟ್ಟಿನ ಕಡೆಯದು ಉಳಿದವಕ್ಕಿಂತ ದಪ್ಪವಿದೆಯಂತೆ. ಶನಿವಾರ ಬೆಳಿಗ್ಗೆ ಮಂಜಿಷ್ಠದ ಬಣ್ಣ ಹಾಕುತ್ತೇವೆ, ಈ ಸಲ ಮಣ್ಣಿನ ಪಾತ್ರೆಯಲ್ಲಿ.