ರಿಲೇಶನಲ್ ಥೆರಪಿಗೆ ‘ಒಡನಾಟ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಆಪ್ತಸಮಾಲೋಚಕಿ. ನಮ್ಮಲ್ಲಿಗೆ ಬರುವವರಿಗೆ ಕೊಡಲು ಕನ್ನಡದಲ್ಲಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ನಾವು ಮಾಡುವ ಥೆರಪಿಯನ್ನು ಇಂಗ್ಲಿಷಿನಲ್ಲಿ ‘ರಿಲೇಶನಲ್’, ‘ಇಂಟಿಗ್ರೇಟಿವ್’ ಅನ್ನುತ್ತಾರೆ. ಈ ಎರಡಕ್ಕೂ ಸರಿಯಾದ ಮಾತು ಸಿಗದೆ ಕೆಲಸ ಅಲ್ಲಿಗೇ ನಿಂತಿದೆ.

ಮೊದಲು ‘ಸಂಬಂಧ ಆಧಾರಿತ ಮನೋಚಿಕಿತ್ಸೆ’ ಎಂದು ಬರೆದಿದ್ದೆ. ಓದಿದ ಒಬ್ಬರು, “ಮೇಡಂ, ಹಾಗಾದ್ರೆ ನಮ್ಮ ಯಜಮಾನ್ರನ್ನೂ ಕರ್ಕೊಂಡು ಬರ್ಬೇಕಾ?” ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ‘ಒಳ್ಳೆ ಸಂಬಂಧ ಬಂದಿದೆ’ ಅಂದರೆ ಮದುವೆ ಮಾತು, ‘ಅವರಿಬ್ಬರಿಗೂ ಸಂಬಂಧ ಇದೆ’ ಅಂದರೆ ಇನ್ನೇನೋ.

ಇಲ್ಲಿ ಹೇಳಬೇಕಾದ್ದೇ ಬೇರೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಸ್ಟೀಫನ್ ಮಿಚೆಲ್ ಮೊದಲಾದ ಮನೋವಿಶ್ಲೇಷಕರು ಬೆಳೆಸಿದ ಈ ರಿಲೇಶನಲ್ ವಿಚಾರದಲ್ಲಿ ಥೆರಪಿಸ್ಟ್ ಸುಮ್ನೆ ದೂರ ಕೂತು ನೋಡುವವರಲ್ಲ. ಕೋಣೆಯಲ್ಲಿ ಇಬ್ಬರ ನಡುವೆ ಆಗುವುದೂ ಚಿಕಿತ್ಸೆಯ ಭಾಗವೇ. ನಾನು ಹತ್ತು ನಿಮಿಷ ತಡವಾಗಿ ಬಂದೆ ಅಂದುಕೊಳ್ಳಿ. ಎದುರಿಗಿರುವವರು ‘ಪರವಾಗಿಲ್ಲ ಮೇಡಂ’ ಅನ್ನುತ್ತಾರೆ, ಆದರೆ ಆಮೇಲೆ ಮಾತು ಕಡಿಮೆ, ಬ್ಯಾಗಿನ ಜಿಪ್ ಎಳೆಯುತ್ತಾ, ಬಿಡುತ್ತಾ ಕೂರುತ್ತಾರೆ. ‘ನನ್ನ ಮೇಲೆ ಬೇಜಾರಾಯ್ತಾ?’ ಎಂದು ಕೇಳಿದಾಗ, ಮನೆಯಲ್ಲೂ ಕೋಪ ಬಂದಾಗಲೆಲ್ಲ ಹೀಗೇ ‘ಪರವಾಗಿಲ್ಲ’ ಅಂದು ನುಂಗಿಕೊಂಡ ಕಥೆ ಹೊರಗೆ ಬರಬಹುದು.

ಇದಕ್ಕೆ ನನಗೆ ‘ಒಡನಾಟ’ ಹಿಡಿಸಿದೆ. ‘ನಂಟು’ ನೆಂಟರ ಕಡೆ ಎಳೆಯುತ್ತದೆ. ‘ಒಡನಾಟ’ದಲ್ಲಿ ಇಬ್ಬರೂ ಇದ್ದಾರೆ, ದಿನ ಕಳೆದಂತೆ ಬೆಳೆಯುವುದೂ ಇದೆ. ಒಂದೇ ಅಳುಕು, ಓದುವವರಿಗೆ ಅದು ಗೆಳೆತನ ಅಂತ ಕೇಳಿಸಿದರೆ ಕಷ್ಟ. ಇದು ವಾರಕ್ಕೊಮ್ಮೆ, 50 ನಿಮಿಷ, ಆ ಕೋಣೆಯೊಳಗೆ ಮಾತ್ರ. ಹೊರಗೆ ಕಾಫಿಗೆ ಸಿಗುವ ಹಾಗಿಲ್ಲ, ಆ ಗೆರೆ ಇರುವುದರಿಂದಲೇ ಜನ ಧೈರ್ಯವಾಗಿ ಬಾಯಿ ಬಿಡುತ್ತಾರೆ.

‘ಇಂಟಿಗ್ರೇಟಿವ್’ಗೆ ‘ಸಮಗ್ರ’ ಅನ್ನುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ‘ಸಮಗ್ರ’ ಅಂದರೆ ಏನನ್ನೂ ಬಿಡದೆ ಎಲ್ಲ ಅಂತಲ್ವಾ? ಇಲ್ಲಿ ಹಾಗಲ್ಲ, ಬೇರೆ ಬೇರೆ ಪದ್ಧತಿಗಳಿಂದ ಆ ಮನುಷ್ಯನಿಗೆ ಬೇಕಾದ್ದನ್ನು ಆರಿಸಿ ಹೊಂದಿಸುವುದು. ಬಸ್ ಹತ್ತಲು ಎದೆ ಡವಗುಟ್ಟುವವರಿಗೆ ಮೊದಲು ಸಿಬಿಟಿಯ (ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಪದ್ಧತಿ) ರೀತಿಯಲ್ಲಿ ಒಂದೊಂದೇ ಸ್ಟಾಪ್ ಅಭ್ಯಾಸ ಮಾಡಿಸುತ್ತೇವೆ, ಆ ಭಯದ ಬೇರು ಬಾಲ್ಯದಲ್ಲಿದೆ ಅನ್ನಿಸಿದರೆ ಆಮೇಲೆ ಅತ್ತ ಹೋಗುತ್ತೇವೆ. ‘ಬೆರಕೆ’ ಅಂದರೆ ಕಲಬೆರಕೆ ನೆನಪಾಗುತ್ತದೆ. ಸದ್ಯಕ್ಕೆ ‘ಹಲವು ಪದ್ಧತಿಗಳನ್ನು ಹೊಂದಿಸಿದ’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಅರ್ಥವಾಗುತ್ತದೆ.

ಕರಪತ್ರದಲ್ಲಿದ್ದ ‘ವಯಸ್ಕರ ವೈಯಕ್ತಿಕ ಚಿಕಿತ್ಸೆ’ ಎಂಬ ಮಾತನ್ನು ನಾನು ಪೂರ್ತಿ ತೆಗೆದುಹಾಕಿದೆ. ‘18 ದಾಟಿದವರು ಒಬ್ಬರೇ ಬಂದು ಮಾತಾಡಬಹುದು’ ಅಂದರೆ ಸಾಕು, ಯಜಮಾನರ ಪ್ರಶ್ನೆಗೂ ಉತ್ತರ ಸಿಕ್ಕಿತು.

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ‘ಒಡನಾಟ’ ಅಂದ ಕೂಡಲೇ ನಿಮಗೆ ಏನು ಕೇಳಿಸುತ್ತದೆ? ಗಂಡು ಹೆಣ್ಣಿನ ವಿಚಾರದಲ್ಲಿ ಬೇರೆ ಅರ್ಥ ಬರುತ್ತದೆಯೇ? ಮುಂದಿನ ವಾರ ಕರಪತ್ರ ಅಚ್ಚಿಗೆ ಹೋಗಬೇಕು.