ಹಳೆಯ ಪಿರಮಿಡ್ಡಿನ ಮೇಲೆಯೇ ಹೊಸದನ್ನು ಕಟ್ಟಿದ್ದೇಕೆ?

ಹೇಮಾವತಿ_ತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮೆಕ್ಸಿಕೋದ ಚಿಚೆನ್ ಇಟ್ಜಾದಲ್ಲಿ ಮಾಯಾ ಜನರು ಕಟ್ಟಿದ ಕುಕುಲ್ಕಾನ್ ಪಿರಮಿಡ್ಡಿನ ಬಗ್ಗೆ ಕೆಲವು ದಿನಗಳಿಂದ ಓದುತ್ತಿದ್ದೇನೆ. ಒಂದೊಂದು ಬದಿಗೆ 91 ಮೆಟ್ಟಿಲು, ವಿಷುವದ ಸಂಜೆ ಹಾವಿನಂತೆ ಹರಿದಿಳಿಯುವ ನೆರಳು ಮುಂತಾದವುಗಳನ್ನು ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಅದರ ಒಡಲೊಳಗೆ ಇರುವುದು. 1930ರ ದಶಕದಲ್ಲಿ ಅಗೆದಾಗ ಒಳಗೆ ಇನ್ನೊಂದು ಪಿರಮಿಡ್ ಸಿಕ್ಕಿತು. ಅದರ ತುದಿಯ ಗುಡಿಯಲ್ಲಿ ಕೆಂಪು ಬಣ್ಣ ಬಳಿದು ಹಸಿರು ಜೇಡ್ ಕಲ್ಲುಗಳನ್ನು ಕೂರಿಸಿದ ಜಾಗ್ವಾರ್ ಆಕಾರದ ಆಸನವೊಂದು ಇಟ್ಟಲ್ಲಿಯೇ ಇತ್ತು. 2016ರಲ್ಲಿ ಮೆಕ್ಸಿಕೋದ ಸಂಶೋಧಕರು ನೆಲವನ್ನು ಅಗೆಯದೆ, ವಿದ್ಯುತ್ ಹರಿಸಿ ರೋಧವನ್ನು ಅಳೆಯುವ ವಿಧಾನದಿಂದ, ಇವೆರಡರ ಒಳಗೆ ಸುಮಾರು 10 ಮೀಟರ್ ಎತ್ತರದ ಮೂರನೆಯ ರಚನೆಯೂ ಇದೆಯೆಂದು ಪ್ರಕಟಿಸಿದರು.

ಇಷ್ಟು ಬೆಲೆಬಾಳುವ ಆಸನವನ್ನು ಹೊರಗೆ ತೆಗೆಯದೆ ಒಳಗೇ ಬಿಟ್ಟು ಮುಚ್ಚಿದ್ದು ಏಕೆ? ಪ್ರತಿ 52 ವರ್ಷಕ್ಕೊಮ್ಮೆ ಪಿರಮಿಡ್ಡನ್ನು ಹೊಸದಾಗಿ ಕಟ್ಟಲೇಬೇಕೆಂಬ ಕಟ್ಟಳೆ ಇತ್ತೆಂದು ಹಲವೆಡೆ ಓದಿದೆ. ಅದು ನಿಜವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಗಾರೆ_ಕೆಲಸ:

ಕಟ್ಟಡದ ದೃಷ್ಟಿಯಿಂದ ಒಂದು ಮಾತು. ಅಲ್ಲಿ ಭಾರ ಎಳೆಯುವ ಪ್ರಾಣಿಗಳಿರಲಿಲ್ಲ, ಗಾಡಿಯ ಬಳಕೆಯಿರಲಿಲ್ಲ, ಕಬ್ಬಿಣದ ಉಳಿಯೂ ಇರಲಿಲ್ಲ. ಕಲ್ಲು, ಮಣ್ಣು, ಸುಟ್ಟ ಸುಣ್ಣ ಎಲ್ಲವೂ ಮನುಷ್ಯರ ಬೆನ್ನಿನ ಮೇಲೆಯೇ ಬರಬೇಕಿತ್ತು. ಹೀಗಿರುವಾಗ ನಿಂತಿರುವ ಪಿರಮಿಡ್ಡನ್ನು ಕಿತ್ತು ಸಾಗಿಸುವುದಕ್ಕಿಂತ ಅದನ್ನೇ ತಿರುಳಾಗಿಸಿಕೊಂಡು ಸುತ್ತಲೂ ಕಲ್ಲುಮಣ್ಣು ತುಂಬಿ ಹೊರಮೈಗೆ ಹೊಸ ಕಲ್ಲು ಕಟ್ಟುವುದು ಎಷ್ಟೋ ಸುಲಭ. ಮೊದಲ ಕಾರಣ ಇದೇ ಎಂದು ನನ್ನ ನಂಬಿಕೆ.

ಶಾಸನಪ್ರಿಯ:

ಶ್ರಮದ ಉಳಿತಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೊಂದರಿಂದಲೇ ಹೊಂಡುರಾಸ್ ದೇಶದಲ್ಲಿರುವ ಮಾಯಾ ನಗರ ಕೊಪಾನ್‌ನಲ್ಲಿ ಕಂಡದ್ದನ್ನು ವಿವರಿಸಲಾಗದು. ಅಲ್ಲಿನ 16ನೇ ಸಂಖ್ಯೆಯ ಪಿರಮಿಡ್ಡಿನೊಳಗೆ ಸುರಂಗ ಕೊರೆಯುತ್ತಿದ್ದ ಪುರಾತತ್ವಜ್ಞ ರಿಕಾರ್ಡೊ ಅಗುರ್ಸಿಯಾ ಅವರಿಗೆ 1989ರಲ್ಲಿ ಒಂದು ಇಡಿಯ ದೇಗುಲವೇ ಸಿಕ್ಕಿತು. ಅದಕ್ಕೆ ರೊಸಲೀಲಾ ಎಂದು ಹೆಸರಿಟ್ಟಿದ್ದಾರೆ. ಸಾಮಾನ್ಯವಾಗಿ ಹೊಸ ಕಟ್ಟಡ ಏಳುವ ಮುನ್ನ ಹಳೆಯದರ ಮೇಲ್ಭಾಗವನ್ನು ಕೆಡವಿ ಮಟ್ಟಮಾಡುತ್ತಿದ್ದರು. ಇಲ್ಲಿ ಹಾಗೆ ಮಾಡಲಿಲ್ಲ. ಕೋಣೆಗಳನ್ನು ಒಂದೊಂದಾಗಿ ಮಣ್ಣುಕಲ್ಲಿನಿಂದ ಜೋಪಾನವಾಗಿ ತುಂಬಿ, ಕೆಂಪು ಬಣ್ಣದ ಗಾರೆಶಿಲ್ಪಗಳಿದ್ದ ಹೊರಗೋಡೆಗಳಿಗೆಲ್ಲ ಬಿಳಿ ಸುಣ್ಣದ ಲೇಪ ಕೊಟ್ಟು, ಒಳಗೆ ಚಕಮಕಿ ಕಲ್ಲಿನಲ್ಲಿ ತೆಳ್ಳಗೆ ಚಕ್ಕೆಯೆಬ್ಬಿಸಿ ಮನುಷ್ಯರ ಮುಖದಂಚು ಮೂಡಿಸಿದ ಅಪೂರ್ವ ವಸ್ತುಗಳನ್ನು ಇರಿಸಿ, ಆಮೇಲೆ ಮುಚ್ಚಿದರು. ಬರೀ ಭರ್ತಿಗೆ ಬೇಕಾದ ಕಲ್ಲುರಾಶಿಗೆ ಯಾರೂ ಇಷ್ಟು ಉಪಚಾರ ಮಾಡುವುದಿಲ್ಲ. ಹಿರಿಯರೊಬ್ಬರ ಅಂತ್ಯಸಂಸ್ಕಾರದ ಶ್ರದ್ಧೆ ಇದರಲ್ಲಿ ಕಾಣುತ್ತದೆ.

ಇನ್ನೂ ಆಳಕ್ಕೆ ಹೋದರೆ ಅದೇ ಜಾಗದಲ್ಲಿ ಇನ್ನಷ್ಟು ಹಳೆಯ ಕಟ್ಟಡಗಳು, ತಳದಲ್ಲಿ ಒಂದು ಗೋರಿ. ಆ ಗೋರಿ 426ರಲ್ಲಿ ಕೊಪಾನ್ ರಾಜವಂಶವನ್ನು ಸ್ಥಾಪಿಸಿದ ಕಿನಿಚ್ ಯಾಶ್ ಕುಕ್ ಮೋ ದೊರೆಯದೆಂದು ಹೆಚ್ಚಿನ ವಿದ್ವಾಂಸರು ಭಾವಿಸುತ್ತಾರೆ. ಮೂರೂವರೆ ಶತಮಾನದ ಬಳಿಕ, 776ರಲ್ಲಿ, 16ನೇ ದೊರೆ ಅದೇ ಪಿರಮಿಡ್ಡಿನ ಮುಂದೆ ಒಂದು ಚೌಕ ಕಲ್ಲುಪೀಠವನ್ನು ಸ್ಥಾಪಿಸಿದ. ಅದರ ನಾಲ್ಕು ಬದಿಗಳಲ್ಲಿ ಬದಿಗೆ ನಾಲ್ವರಂತೆ 16 ದೊರೆಗಳು ಕುಳಿತಿದ್ದಾರೆ. ಮೊದಲನೆಯವನು ನೇರವಾಗಿ ಹದಿನಾರನೆಯವನಿಗೆ ಅಧಿಕಾರದ ದಂಡವನ್ನು ನೀಡುತ್ತಿದ್ದಾನೆ. ಮೂಲಪುರುಷನ ಗೋರಿಯಿರುವ ನೆಲ ತನ್ನದು ಎಂದು ತೋರಿಸಬೇಕಾದ ದೊರೆ ಬೇರೆಡೆ ಹೊಸ ಜಗತಿ ಕಟ್ಟಿದರೆ ಏನು ಪ್ರಯೋಜನ? ಅಲ್ಲಿಯೇ, ಅದರ ಮೇಲೆಯೇ ಕಟ್ಟಬೇಕು.

ಹೇಮಾವತಿ_ತೀರ:

ಇಬ್ಬರಿಗೂ ಧನ್ಯವಾದಗಳು. ರೊಸಲೀಲಾ ವಿಚಾರ ನನಗೆ ಹೊಸದು. 52 ವರ್ಷದ ಮಾತು ಮಾತ್ರ ಹಾಗೆಯೇ ಉಳಿಯಿತು.

ದೂರದ_ಓದುಗ:

52 ವರ್ಷದ ಚಕ್ರವೇನೋ ನಿಜ. 260 ದಿನಗಳ ಪಂಚಾಂಗವೂ 365 ದಿನಗಳ ವರ್ಷವೂ ಒಟ್ಟಿಗೆ ಹೊರಟರೆ ಮತ್ತೆ ಕೂಡಿಕೊಳ್ಳಲು 18,980 ದಿನ, ಅಂದರೆ 52 ವರ್ಷ ಬೇಕು. ಮಧ್ಯ ಮೆಕ್ಸಿಕೋವನ್ನು ಆಳಿದ ಅಜ್ಟೆಕ್ ಜನರು ಆ ಘಳಿಗೆಯಲ್ಲಿ ಹಳೆಯ ಬೆಂಕಿಯನ್ನೆಲ್ಲ ಆರಿಸಿ ಹೊಸ ಬೆಂಕಿ ಹೊತ್ತಿಸುತ್ತಿದ್ದರು. ಆದರೆ ಪಿರಮಿಡ್ ಕಟ್ಟುವುದಕ್ಕೆ ಅದೇ ನಿಯಮವಾಗಿತ್ತೆಂದು ಹೇಳಲು ಬರುವುದಿಲ್ಲ. ಅವರ ರಾಜಧಾನಿ ತೆನೊಚ್ತಿತ್ಲಾನ್ ಸ್ಥಾಪನೆಯಾದದ್ದು 1325ರಲ್ಲಿ ಎಂಬುದು ಸಾಂಪ್ರದಾಯಿಕ ಗಣನೆ, ಸ್ಪೇನಿನವರ ಕೈಗೆ ಸಿಕ್ಕಿದ್ದು 1521ರಲ್ಲಿ. ಈ 196 ವರ್ಷಗಳಲ್ಲಿ 52 ವರ್ಷದ ಚಕ್ರಗಳು ನಾಲ್ಕೂ ತುಂಬುವುದಿಲ್ಲ. ಅಲ್ಲಿನ ಮಹಾದೇಗುಲದಲ್ಲಿ ಗುರುತಿಸಿರುವ ಮುಖ್ಯ ನಿರ್ಮಾಣ ಘಟ್ಟಗಳಾದರೋ ಏಳು. ದೊರೆಯ ಪಟ್ಟಾಭಿಷೇಕ, ಯುದ್ಧದ ಗೆಲುವು, ಹೊಸದಾಗಿ ಒದಗಿಬಂದ ಕಪ್ಪಕಾಣಿಕೆ ಇವೆಲ್ಲ ಕಟ್ಟಲು ಕಾರಣಗಳಾದವು. ಜೊತೆಗೆ ಆ ನಗರ ಸರೋವರದ ಮಧ್ಯದ ದ್ವೀಪದಲ್ಲಿತ್ತು. ಮೆತ್ತನೆಯ ನೆಲದಲ್ಲಿ ಭಾರವಾದ ದೇಗುಲ ಕುಸಿಯುತ್ತಿತ್ತು, ನೆರೆಯೂ ಬರುತ್ತಿತ್ತು. ಎತ್ತರಿಸದೆ ಗತ್ಯಂತರವಿರಲಿಲ್ಲ.

ಎಲ್ಲ ಪಿರಮಿಡ್ಡುಗಳಿಗೂ ಒಂದೇ ಕಥೆಯೆಂದು ತಿಳಿಯಬಾರದು. ಅಜ್ಟೆಕರಿಗಿಂತ ಸಾವಿರ ವರ್ಷ ಹಿಂದಿನ ತೆಯೋತಿಹುವಾಕಾನ್ ನಗರದಲ್ಲಿ ಸುಮಾರು 65 ಮೀಟರ್ ಎತ್ತರದ ಸೂರ್ಯ ಪಿರಮಿಡ್ಡಿನ ಬಹುಭಾಗ ಒಂದೇ ಭಾರಿ ಯೋಜನೆಯಲ್ಲಿ ಎದ್ದದ್ದು. ಅದೇ ನಗರದ ಮುಖ್ಯ ಬೀದಿಯ ಕೊನೆಯಲ್ಲಿರುವ ಚಂದ್ರ ಪಿರಮಿಡ್ಡಿನೊಳಗೆ ಏಳು ಹಂತಗಳಿವೆ. ಕೆಲವು ವಿಸ್ತರಣೆಗಳ ವೇಳೆ ಮನುಷ್ಯರನ್ನೂ ಪ್ರಾಣಿಗಳನ್ನೂ ಬಲಿಕೊಟ್ಟು ಹೂತಿದ್ದಾರೆ.

ಹೀಗೆ ಮುಚ್ಚಿ ಕಟ್ಟಿದ್ದರಿಂದ ಕಟ್ಟಿದವರು ಎಣಿಸದ ಉಪಕಾರವೊಂದು ನಮಗಾಯಿತು. ಸ್ಪೇನಿನವರು ತೆನೊಚ್ತಿತ್ಲಾನ್‌ನಲ್ಲಿ ಕೆಡವಿ ಹಾಕಿದ್ದು ಕೊನೆಯ, ಎಲ್ಲಕ್ಕಿಂತ ವೈಭವದ ಹಂತಗಳನ್ನು. 1978ರ ಫೆಬ್ರವರಿಯಲ್ಲಿ, ತೆನೊಚ್ತಿತ್ಲಾನ್ ಇದ್ದ ಜಾಗದಲ್ಲಿಯೇ ಎದ್ದಿರುವ ಮೆಕ್ಸಿಕೋ ನಗರದ ವಿದ್ಯುತ್ ಕೆಲಸಗಾರರು ನೆಲ ಅಗೆಯುವಾಗ ಕೊಯೊಲ್‌ಶೌಕಿ ದೇವತೆಯ, ಮೂರು ಮೀಟರಿಗೂ ಹೆಚ್ಚು ಅಗಲದ ದುಂಡು ಶಿಲೆ ಸಿಕ್ಕಿತು. ಅನಂತರ ಎಡ್ವಾರ್ಡೊ ಮಾತೋಸ್ ಮೊಕ್ತೆಸೂಮಾ ಅವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ಎರಡನೆಯ ಹಂತದ ಜೋಡಿಗುಡಿಗಳು, ಮಳೆದೇವರು ತ್ಲಾಲೋಕ್‌ನ ಗುಡಿಯ ಮುಂದೆ ಒರಗಿರುವ ಚಾಕ್‌ಮೋಲ್ ಮೂರ್ತಿಯ ಸಮೇತ, ಬಣ್ಣ ಮಾಸದೆ ಹೊರಬಂದವು. ಮೇಲೆ ಹೊದಿಸಿದ್ದ ಐದು ಹಂತಗಳೇ ಅವನ್ನು ಕಾಪಾಡಿದ್ದವು. ಮೊದಲನೆಯ ಹಂತ ಇನ್ನೂ ಕೆಳಗಿದೆ. ಅಲ್ಲಿ ಅಂತರ್ಜಲ ಮೇಲಕ್ಕಿರುವುದರಿಂದ ಅಗೆತ ಮುಂದುವರಿಸಲಾಗಿಲ್ಲ.