ಶಕುಂತಲಾ ದೇವಿ ಹೇಳಿದ 26 ಅಂಕಿಯ ಉತ್ತರ: 9ರ ತಾಳೆ ಸಾಕಾ?

ಬಸವನಗುಡಿ ಹುಡುಗ: ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7,686,369,774,870 ಅನ್ನು 2,465,099,745,779ರಿಂದ ಮನಸ್ಸಿನಲ್ಲೇ ಗುಣಿಸಿದರು. ಹಿಡಿದದ್ದು 28 ಸೆಕೆಂಡ್. ಉತ್ತರ 18,947,668,177,995,426,426,773,730. ಬಸ್ಸಿನಲ್ಲಿ ಕೂತು ಸುಮ್ನೆ ತಾಳೆ ನೋಡಿದೆ. ಮೊದಲನೆಯದರ ಅಂಕಿಗಳ ಮೊತ್ತ 78, 9ರಿಂದ ಭಾಗಿಸಿದರೆ ಶೇಷ 6. ಎರಡನೆಯದರದು 74, ಶೇಷ 2. ಗುಣಿಸಿದರೆ 12, ಅಂದರೆ ಶೇಷ 3. ಉತ್ತರದ ಮೊತ್ತ 138, ಅದಕ್ಕೂ ಶೇಷ 3. ಉತ್ತರ ಸರಿ ಅಂತ ಸಾಬೀತಾಯ್ತು!

ಮಲ್ಲೇಶ್ವರದ ಲೆಕ್ಕದ ಟೀಚರ್: ಸಾಬೀತಾಗಲಿಲ್ಲ. ತಪ್ಪು ಸಿಗಲಿಲ್ಲ, ಅಷ್ಟೇ. 11ರ ತಾಳೆಯನ್ನೂ ಮಾಡಿ. ಬಲದಿಂದ ಒಂದು ಅಂಕಿ ಕೂಡಿ, ಮುಂದಿನದನ್ನು ಕಳೆಯುತ್ತಾ ಹೋಗಿ. ಎರಡನೇ ಸಂಖ್ಯೆಗೆ 0 ಬರುತ್ತದೆ, ಅಂದರೆ ಅದು 11ರಿಂದ ಭಾಗವಾಗುತ್ತದೆ. ಹಾಗಾದರೆ ಉತ್ತರವೂ ಆಗಲೇಬೇಕು. ನೀವು ಬರೆದದ್ದರಲ್ಲಿ 8 ಉಳಿಯುತ್ತದೆ.

ಬಸವನಗುಡಿ ಹುಡುಗ: ಅಯ್ಯೋ, ಅವರು ತಪ್ಪು ಹೇಳಿದ್ದರಾ?

ನಿವೃತ್ತ ಕ್ಯಾಷಿಯರ್: ಅವರಲ್ಲಪ್ಪಾ, ತಪ್ಪು ನಿನ್ನದು. 462 ಅನ್ನು 426 ಮಾಡಿದ್ದೀಯ. 18,947,668,177,995,426,462,773,730 ಆಗಬೇಕು. ಬ್ಯಾಂಕಿಗೆ ಕಂಪ್ಯೂಟರ್ ಬರುವ ಮುಂಚೆ, ಸಂಜೆ ಟ್ಯಾಲಿ ಆಗದಿದ್ದರೆ ನಾವು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸುತ್ತಿದ್ದೆವು. ಭಾಗವಾದರೆ ಯಾರೋ ಅಂಕಿ ಅದಲುಬದಲು ಬರೆದಿದ್ದಾರೆ ಅಂತ ಅನುಮಾನ. ನಿನ್ನ ವ್ಯತ್ಯಾಸ 3 ಕೋಟಿ 60 ಲಕ್ಷ. ನನ್ನ ಕೌಂಟರಿನಲ್ಲಾಗಿದ್ದರೆ ರಾತ್ರಿ ಮನೆಗೆ ಹೋಗುತ್ತಿರಲಿಲ್ಲ.

ಬಸವನಗುಡಿ ಹುಡುಗ: ಸಾರಿ ಅಂಕಲ್, ನೋಡಿಕೊಂಡು ಟೈಪ್ ಮಾಡಿದ್ದೆ. ಈಗ 11ಕ್ಕೂ ಸರಿ ಹೋಯ್ತು. ಇನ್ನಾದರೂ ಸಾಬೀತು ಅನ್ನಬಹುದಾ ಮೇಡಂ?

ಮಲ್ಲೇಶ್ವರದ ಲೆಕ್ಕದ ಟೀಚರ್: ಇಲ್ಲ. ನಡುವೆ ಒಂದು ಅಂಕಿ ಬಿಟ್ಟು ಆಚೀಚೆಯ ಎರಡು ಅದಲುಬದಲಾದರೆ ವ್ಯತ್ಯಾಸ 99ರ ಗುಣಕ. ಅದು 9ಕ್ಕೂ ಸಿಗಲ್ಲ, 11ಕ್ಕೂ ಸಿಗಲ್ಲ.

ಕೋಡಿಂಗ್ ಕೂಲಿ: ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಾಲು ಬರೆದರೆ ಮುಗೀತು. ಇಷ್ಟು ತಲೆನೋವು ಯಾಕೆ?

ಮಲ್ಲೇಶ್ವರದ ಲೆಕ್ಕದ ಟೀಚರ್: ಸಂಖ್ಯೆ ಟೈಪ್ ಮಾಡುವವನು ಇವನೇ ಆದರೆ ಪೈಥಾನ್ ಏನು ಮಾಡುತ್ತದೆ? ಇನ್ನೊಂದು ದಾರಿ ನೋಡಿ. ಬಲದಿಂದ ಮೂರು ಮೂರು ಅಂಕಿಯ ಗುಂಪನ್ನು ಕೂಡಿ, ಕಳೆದು, ಕೂಡುತ್ತಾ ಹೋದರೆ ಸರಿಯಾದ ಉತ್ತರಕ್ಕೆ 550 ಬರುತ್ತದೆ. ಅದು 1001ರಿಂದ ಭಾಗಿಸಿದಾಗ ಉಳಿಯುವ ಶೇಷ. 7×11×13 = 1001 ಅಲ್ವಾ? ಹಾಗಾಗಿ ಆ 550 ಒಂದೇ ಮೂರು ತಾಳೆಗೂ ಸಾಕು. 11ಕ್ಕೆ ಶೇಷ ಇಲ್ಲ. 7ಕ್ಕೂ 13ಕ್ಕೂ ಶೇಷ 4. ಮೂಲ ಸಂಖ್ಯೆಗಳ ಶೇಷ ಗುಣಿಸಿದರೂ ಅದೇ.

ಬಸವನಗುಡಿ ಹುಡುಗ: ಕೊನೆಯಲ್ಲಿ ಒಂದೇ ಸೊನ್ನೆ ಇದೆ. ಆದ್ದರಿಂದ ಇದು ಯಾವ ಸಂಖ್ಯೆಯ ವರ್ಗವೂ ಅಲ್ಲ. ಇದಂತೂ ಸಾಬೀತು!

ಮಲ್ಲೇಶ್ವರದ ಲೆಕ್ಕದ ಟೀಚರ್: ಇದು ಒಪ್ಪಿದೆ. 2, 3, 5, 11ರಿಂದ ಭಾಗವಾಗುವುದರಿಂದ 330ರಿಂದಲೂ ಆಗುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ನಿವೃತ್ತ ಕ್ಯಾಷಿಯರ್: ತಾಳೆ ಗೀಳೆ ಬೇಡ, ಪೂರ್ತಿ ಗುಣಿಸಿಯೇ ನೋಡುತ್ತೇನೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಶುರು ಮಾಡಿದ್ದೇನೆ. 13 ಸಾಲು ಬರೆದು ಕೂಡಬೇಕು.

ಕೋಡಿಂಗ್ ಕೂಲಿ: ಕಾಪಿ ಪೇಸ್ಟ್ ಮಾಡಿ ನೋಡಿದೆ, ನಿಮ್ಮ ಉತ್ತರವೇ ಸರಿ ಅಂಕಲ್.

ನಿವೃತ್ತ ಕ್ಯಾಷಿಯರ್: ಹೇಳಬಾರದಿತ್ತು ಕಣಪ್ಪಾ. ನಾನಿನ್ನೂ ಐದನೇ ಸಾಲಿನಲ್ಲಿದ್ದೇನೆ.